ಗೇರುಹಣ್ಣು ಹಿಂಡುವ ಹಕ್ಕು ಬೆಳೆಗಾರನಿಗೂ ಸಿಗಲಿ

ಮಾನ್ಯ ಸಂಪಾದಕರೇ,

ನಮ್ಮ ಕಡೆ ಈಗ ಗೇರುಬೀಜದ ಕಾಲ. ಪುತ್ತೂರು, ಸುಳ್ಯ, ಬೆಳ್ತಂಗಡಿ, ಬಂಟ್ವಾಳ, ಎಲ್ಲಿ ಹೋದರೂ ಗುಡ್ಡೆ ಬದಿಯಲ್ಲಿ ಹಣ್ಣು ಕೊಳೆಯುವ ವಾಸನೆ ಮೂಗಿಗೆ ಬಡಿಯುತ್ತದೆ. ಬೀಜವನ್ನು ತಿರುಚಿ ತೆಗೆದು ಚೀಲಕ್ಕೆ ಹಾಕುತ್ತೇವೆ. ಹಣ್ಣನ್ನು ಮರದ ಬುಡದಲ್ಲೇ ಎಸೆಯುತ್ತೇವೆ. ಒಂದು ಕಿಲೋ ಬೀಜ ಸಿಗಬೇಕಾದರೆ ಅದರ ಐದಾರು ಪಟ್ಟು ತೂಕದ ಹಣ್ಣು ಮರದಲ್ಲಿ ಆಗಿರುತ್ತದೆ. ಕೆಲವು ತಳಿಗಳಲ್ಲಿ ಇನ್ನೂ ಜಾಸ್ತಿ. ಅಂದರೆ ಬೆಳೆದದ್ದರಲ್ಲಿ ಹೆಚ್ಚಿನ ಪಾಲನ್ನು ನಾವು ಪ್ರತಿ ವರ್ಷ ಮಣ್ಣಿಗೆ ಹಾಕುತ್ತಿದ್ದೇವೆ. ಮಕ್ಕಳು ಉಪ್ಪು ಹಚ್ಚಿಕೊಂಡು ಒಂದೆರಡು ತಿನ್ನುತ್ತಾರೆ, ದನ ನಾಲ್ಕು ತಿನ್ನುತ್ತದೆ, ಅಷ್ಟೇ.

ಈ ವಿಷಯದಲ್ಲಿ ನಮ್ಮ ಅಬಕಾರಿ ಇಲಾಖೆ ಮತ್ತು ತೋಟಗಾರಿಕೆ ಇಲಾಖೆಯವರ ಮುಂದೆ ಒಂದು ಬೇಡಿಕೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಂತ ತೋಟದ ಹಣ್ಣಿನಿಂದ, ಸ್ವಂತ ಅಂಗಳದಲ್ಲಿ, ಒಂದು ಸಣ್ಣ ಮಿತಿಯೊಳಗೆ, ಕಡಿಮೆ ಆಲ್ಕೋಹಾಲಿನ ಪಾನೀಯ ತಯಾರಿಸಿ ಮಾರಲು ಬೆಳೆಗಾರನಿಗೆ ಅವಕಾಶ ಕೊಡಿ. ಇದು ಸುಮ್ನೆ ಕೂತಲ್ಲಿ ಹೊಳೆದ ಮಾತಲ್ಲ. ಕಳೆದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ಇಂಥ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಕಣ್ಣಾರೆ ನೋಡಿ ಬಂದಿದ್ದೇನೆ.

ಕರೆದುಕೊಂಡು ಹೋದವನು ನನ್ನ ಬಾಲ್ಯದ ಗೆಳೆಯ. ಪುತ್ತೂರಿನಲ್ಲಿ ಹೈಸ್ಕೂಲಿನಿಂದ ಪಿಯುಸಿವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ಈಗ ಹೆರೆಫರ್ಡ್ ಪಟ್ಟಣದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾನೆ. ನಾನು ಅಡಿಕೆ, ಗೇರು, ಸ್ವಲ್ಪ ಕೊಕ್ಕೊ ನೋಡಿಕೊಂಡು ಊರಲ್ಲೇ ಉಳಿದೆ. "ಬಾ ಮಾರಾಯ, ಇಲ್ಲಿಯ ಕೃಷಿ ಒಮ್ಮೆ ನೋಡು" ಎಂದು ವರ್ಷಗಟ್ಟಲೆ ಕರೆಯುತ್ತಿದ್ದ. ಅಡಿಕೆ ಕೊಯ್ಲು ಬಿರುಸಾಗುವ ಮೊದಲು ಬಿಡುವು ಮಾಡಿಕೊಂಡು ಹೋದೆ.

ಹೆರೆಫರ್ಡ್‌ಶೈರ್ ವೇಲ್ಸ್ ಗಡಿಗೆ ತಾಗಿಕೊಂಡ ಜಿಲ್ಲೆ. ವೈ ನದಿ ಹರಿಯುತ್ತದೆ. ಬಿಳಿ ಮುಖದ, ಕೆಂಪು ಮೈಯ ಹೆರೆಫರ್ಡ್ ದನದ ತಳಿ ಅಲ್ಲಿಯದೇ. ದಾರಿಯ ಎರಡೂ ಬದಿ ಸೇಬಿನ ತೋಟಗಳು. ಆ ಸೇಬು ನಮ್ಮ ಪೇಟೆಯಲ್ಲಿ ಸಿಗುವ ತಿನ್ನುವ ಸೇಬಲ್ಲ. ಸೈಡರ್ ಎಂಬ ಪಾನೀಯಕ್ಕಾಗಿಯೇ ಬೆಳೆಸುವ ಸೇಬು. ಸೇಬಿನ ರಸ ಹುದುಗು ಬಂದರೆ ಸೈಡರ್. ಪೇರ್ ಹಣ್ಣಿನ ರಸವನ್ನು ಹಾಗೆ ಮಾಡಿದರೆ ಅದಕ್ಕೆ ಪೆರಿ ಎನ್ನುತ್ತಾರೆ. ಎರಡನ್ನೂ ಭಟ್ಟಿ ಇಳಿಸುವುದಿಲ್ಲ. ಹಣ್ಣಿನಲ್ಲಿ ಸಕ್ಕರೆ ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ಅಮಲು, ಸಾಮಾನ್ಯವಾಗಿ ಶೇ 5ರಿಂದ 7ರಷ್ಟು.

ದೊಡ್ಡ ಹೆಸರುಗಳನ್ನು ಮೊದಲು ಹೇಳಿ ಮುಗಿಸುತ್ತೇನೆ. ಪಾದ್ರಿಯೊಬ್ಬರ ಮಗ ಪರ್ಸಿ ಬಲ್ಮರ್ 1887ರಲ್ಲಿ ಹೆರೆಫರ್ಡ್‌ನಲ್ಲಿ ಸೈಡರ್ ವ್ಯಾಪಾರ ಶುರು ಮಾಡಿದ. ಆ ಕಂಪನಿ ಈಗ ಹೈನೆಕೆನ್ ಎಂಬ ದೊಡ್ಡ ಬಿಯರ್ ಕಂಪನಿಯ ಕೈಯಲ್ಲಿದೆ. ಅದಕ್ಕೂ ಮುಂಚೆ, 1880ರಲ್ಲಿ, ಮಚ್ ಮಾರ್ಕಲ್ ಎಂಬ ಹಳ್ಳಿಯಲ್ಲಿ ಹೆನ್ರಿ ವೆಸ್ಟನ್ ಎಂಬ ರೈತ ತನ್ನ ತೋಟದ ಹಣ್ಣು ಹಿಂಡಿ ಮಾರಲು ತೊಡಗಿದ. ಅದು ಈಗ ದೊಡ್ಡ ಕಾರ್ಖಾನೆ. ಒಳಗೆ ಹೋದರೆ ಛಾವಣಿ ಮುಟ್ಟುವ ಓಕ್ ಮರದ ತೊಟ್ಟಿಗಳು. ಅವುಗಳಲ್ಲಿ ಮೂರಕ್ಕೆ ಪಿಪ್, ಸ್ಕ್ವೀಕ್, ವಿಲ್ಫ್ರೆಡ್ ಎಂದು ಹೆಸರೂ ಇಟ್ಟಿದ್ದಾರೆ. ನೋಡಲು ಚೆನ್ನಾಗಿದೆ. ಆದರೆ ನನ್ನಂಥ ಬೆಳೆಗಾರನಿಗೆ ಅಲ್ಲಿ ಕಲಿಯಲು ಹೆಚ್ಚೇನಿಲ್ಲ. ಅಷ್ಟು ದೊಡ್ಡ ತೊಟ್ಟಿ ಕಟ್ಟುವ ದುಡ್ಡು ಯಾರಲ್ಲುಂಟು?

ನನ್ನ ಮನಸ್ಸು ಹಿಡಿದದ್ದು ಲೆಡ್‌ಬರಿ ಕಡೆಯ ಒಂದು ಸಣ್ಣ ತೋಟ. ಗಂಡ ಹೆಂಡತಿ ಇಬ್ಬರೇ ನಡೆಸುವುದು. ಇಬ್ಬರಿಗೂ ವಯಸ್ಸಾಗಿದೆ. ಮಗ ಬೇರೆ ಊರಲ್ಲಿದ್ದಾನೆ, ಕೊಯ್ಲಿನ ಸಮಯಕ್ಕೆ ಬರುತ್ತಾನೆ. ನಮ್ಮ ಊರಿನ ಮನೆಗಳ ಕಥೆಯೇ ಅಲ್ವಾ? ಹೊಸಬರು ಬಂದರೆಂದು ಅವರೇನೂ ಕೈಕಟ್ಟಿ ನಿಲ್ಲಲಿಲ್ಲ. ಕೆಲಸ ಮಾಡುತ್ತಲೇ ಮಾತಾಡಿದರು.

ಅಂಗಳದಲ್ಲಿ ಸೇಬಿನ ರಾಶಿ. ಮರದಿಂದ ತಾನಾಗಿ ಬಿದ್ದದ್ದು, ಉದ್ದ ಕೋಲಿನಿಂದ ಕೊಂಬೆ ಅಲ್ಲಾಡಿಸಿ ಉದುರಿಸಿದ್ದು, ಎರಡೂ ಸೇರಿ. ಒಂದೊಂದು ಜಾತಿಗೂ ಬೇರೆ ಬೇರೆ ರಾಶಿ. ಬಿದ್ದ ಹಣ್ಣನ್ನು ಹಾಗೇ ಕೆಲವು ದಿನ ಬಿಟ್ಟು, ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಾದ ಮೇಲೆ ತೊಳೆದು ಯಂತ್ರಕ್ಕೆ ಹಾಕುತ್ತಾರೆ. ಕೊಳೆತದ್ದನ್ನು ಮಾತ್ರ ಆರಿಸಿ ತೆಗೆಯುತ್ತಾರೆ.

ಡ್ಯಾಬಿನೆಟ್ ಎಂಬ ಜಾತಿಯ ಒಂದು ಸೇಬನ್ನು ಯಜಮಾನರು ನನ್ನ ಕೈಗೆ ಕೊಟ್ಟು ಕಚ್ಚಿ ನೋಡಲು ಹೇಳಿದರು. ಮೊದಲು ಸಿಹಿ. ಮರುಕ್ಷಣ ನಾಲಿಗೆ, ಒಸಡು, ಗಂಟಲು ಎಲ್ಲ ಹಿಡಿದುಕೊಂಡಿತು. ನಾನು ಗೆಳೆಯನ ಮುಖ ನೋಡಿದೆ. "ಇದು ನಮ್ಮ ಗೇರುಹಣ್ಣಿನ ಒಗರೇ ಮಾರಾಯ!" ಎಂದೆ. ಅವನು ನಕ್ಕ. "ಅದಕ್ಕೇ ನಿನ್ನನ್ನು ಇಲ್ಲಿಗೆ ಕರ್ಕೊಂಡು ಬಂದದ್ದು" ಎಂದ.

ಆ ಒಗರಿಗೆ ಅಲ್ಲಿ ಬೆಲೆ ಉಂಟು ಎಂಬುದೇ ನನಗೆ ಹೊಸ ವಿಷಯ. ಬ್ರಿಸ್ಟಲ್ ಹತ್ತಿರದ ಲಾಂಗ್ ಆಶ್ಟನ್ ಸಂಶೋಧನಾ ಕೇಂದ್ರದಲ್ಲಿ ಬಾರ್ಕರ್ ಎಂಬ ವಿಜ್ಞಾನಿ 1903ರಲ್ಲೇ ಸೈಡರ್ ಸೇಬುಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ಹುಳಿಯ ಅಂಶ ಶೇ 0.45ಕ್ಕಿಂತ ಜಾಸ್ತಿಯೋ ಕಡಿಮೆಯೋ, ಒಗರು ಕೊಡುವ ಟ್ಯಾನಿನ್ ಶೇ 0.2ಕ್ಕಿಂತ ಜಾಸ್ತಿಯೋ ಕಡಿಮೆಯೋ, ಇಷ್ಟೇ ಲೆಕ್ಕ. ಒಗರು ಮತ್ತು ಸಿಹಿ ಇರುವುದು ಒಂದು ಗುಂಪು, ಡ್ಯಾಬಿನೆಟ್ ಅದರಲ್ಲಿ ಬರುತ್ತದೆ. ಒಗರು ಮತ್ತು ಹುಳಿ ಎರಡೂ ಇರುವುದು ಇನ್ನೊಂದು, ಕಿಂಗ್‌ಸ್ಟನ್ ಬ್ಲ್ಯಾಕ್ ಆ ಗುಂಪಿನದು. ಬರೀ ಸಿಹಿ, ಬರೀ ಹುಳಿ ಉಳಿದೆರಡು. ಒಗರು ಇಲ್ಲದ ಸೇಬಿನಿಂದ ಮಾಡಿದ ಸೈಡರ್ ಸಪ್ಪೆ ಎಂದು ಅಲ್ಲಿನವರು ಹೇಳುತ್ತಾರೆ. ನಾವು ಯಾವ ಗುಣಕ್ಕಾಗಿ ಗೇರುಹಣ್ಣನ್ನು ಎಸೆಯುತ್ತೇವೋ ಅದೇ ಗುಣಕ್ಕಾಗಿ ಅವರು ಮರ ನೆಡುತ್ತಾರೆ.

ಇನ್ನು ಹಿಂಡುವ ಕೆಲಸ. ಅರೆದ ಸೇಬನ್ನು ಚೌಕಾಕಾರದ ಬಟ್ಟೆಯ ಮೇಲೆ ಹರಡಿ, ನಾಲ್ಕೂ ಮೂಲೆ ಮಡಚಿ, ಅದರ ಮೇಲೆ ಮರದ ಪಟ್ಟಿಗಳ ಚೌಕಟ್ಟು ಇಟ್ಟು, ಮತ್ತೆ ಬಟ್ಟೆ, ಮತ್ತೆ ಸೇಬು. ಹೀಗೆ ಎದೆಮಟ್ಟ ಪೇರಿಸಿ ಮೇಲಿನಿಂದ ಒತ್ತುತ್ತಾರೆ. ಒತ್ತುವ ಮೊದಲೇ ಭಾರಕ್ಕೆ ರಸ ಇಳಿಯಲು ಶುರು. ಬಣ್ಣ ಕಂದು, ಬೆಲ್ಲದ ನೀರಿನ ಹಾಗೆ. ನಾನೂ ಎರಡು ಬಟ್ಟೆ ಮಡಚಿ ಇಟ್ಟೆ. ಕೈಯೆಲ್ಲ ಕಪ್ಪಾಯಿತು. ಗೇರುಹಣ್ಣು ಹೆಕ್ಕಿದರೂ ಹೀಗೇ ಕಪ್ಪಾಗುತ್ತದೆ, ಅದರ ಕಲೆ ಅಂಗಿಯಿಂದ ಹೋಗುವುದೇ ಇಲ್ಲ.

ರಸ ಪೀಪಾಯಿಗೆ ಹೋಗುತ್ತದೆ. ಹುದುಗು ಬರಿಸುವ ಯೀಸ್ಟ್ ಹಾಕುವುದಿಲ್ಲ, ಸಕ್ಕರೆ ಹಾಕುವುದಿಲ್ಲ, ನೀರು ಹಾಕುವುದಿಲ್ಲ. ಹಣ್ಣಿನ ಸಿಪ್ಪೆಯಲ್ಲಿ, ಯಂತ್ರದಲ್ಲಿ, ಕೊಟ್ಟಿಗೆಯ ಗಾಳಿಯಲ್ಲಿ ಇರುವ ಯೀಸ್ಟೇ ಸಾಕು. ಕೆಲವೇ ದಿನದಲ್ಲಿ ಗುಳುಗುಳು ಶುರುವಾಗುತ್ತದೆ. ಚಳಿ ಜಾಸ್ತಿಯಾದಾಗ ನಿಧಾನವಾಗುತ್ತದೆ. ವಸಂತ ಕಾಲ ಬರುವ ಹೊತ್ತಿಗೆ ಕುಡಿಯಲು ತಯಾರು. ಹಿಂಡಿ ಉಳಿದ ಚರಟ ಪಕ್ಕದ ಮನೆಯ ದನಗಳಿಗೆ. ಯಾವುದೂ ದಂಡವಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಅಲ್ಲಿಯ ಕಾನೂನಿನ ಪ್ರಕಾರ ಶೇ 35ರಷ್ಟು ಹಣ್ಣಿನ ರಸ ಇದ್ದರೂ ಅದನ್ನು ಸೈಡರ್ ಎಂದು ಮಾರಬಹುದು. ಉಳಿದದ್ದು ನೀರು, ಸಕ್ಕರೆ ಇತ್ಯಾದಿ. ದೊಡ್ಡ ಕಾರ್ಖಾನೆಗಳಿಗೆ ಇದರಿಂದ ಅನುಕೂಲ. ಪೂರ್ತಿ ರಸದಿಂದಲೇ ಮಾಡುವ ಈ ಅಜ್ಜ ಅಜ್ಜಿಯ ಸೈಡರಿಗೂ ಅದಕ್ಕೂ ರುಚಿಯಲ್ಲಿ ಹೋಲಿಕೆಯೇ ಇಲ್ಲ. ಹಿಂದಿನ ವರ್ಷದ್ದನ್ನು ಚಿಕ್ಕ ಗ್ಲಾಸಿನಲ್ಲಿ ಕೊಟ್ಟರು. ಸಿಹಿ ಇರಲಿಲ್ಲ. ಒಗರು ಹದವಾಗಿ, ಹಳೆಯ ಮರದ ಪೆಟ್ಟಿಗೆ ತೆರೆದಾಗಿನ ಪರಿಮಳ. ಫಾಕ್ಸ್‌ವೆಲ್ಪ್ ಎಂಬ ಹಳೇ ಜಾತಿಯದ್ದು ಇನ್ನೊಂದು, ಅದು ಹುಣಸೆಹಣ್ಣಿಗಿಂತ ಹುಳಿ. ಪೆರಿ ಮಾತ್ರ ತುಂಬಾ ನಾಜೂಕು. ಪೆರಿ ಪೇರ್ ಮರ ಇನ್ನೂರು ಮುನ್ನೂರು ವರ್ಷ ಬಾಳುತ್ತದಂತೆ. ಅವರ ತೋಟದ ಒಂದು ಮರ ನಮ್ಮ ಊರಿನ ದೊಡ್ಡ ಮಾವಿನ ಮರದಷ್ಟು ಇತ್ತು, ಇನ್ನೂ ಕಾಯಿ ಬಿಡುತ್ತದೆ.

ಗೆಳೆಯ ಒಂದು ಹನಿ ಕುಡಿಯಲಿಲ್ಲ. ಗ್ಲಾಸನ್ನು ಮೂಗಿಗೆ ಹಿಡಿದು ನನಗೆ ದಾಟಿಸಿದ. ಕಾರು ಓಡಿಸುವವನು ಅವನು. ಇಂಗ್ಲೆಂಡಿನಲ್ಲಿ 100 ಮಿಲಿ ಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಆಲ್ಕೋಹಾಲ್‌ವರೆಗೆ ಕಾನೂನು ಸುಮ್ಮನಿರುತ್ತದೆ. ನಮ್ಮಲ್ಲಿ ಮಿತಿ 30. ಈ ಒಂದು ವಿಷಯದಲ್ಲಿ ನಮ್ಮ ಕಾನೂನೇ ಮೇಲು ಎಂದು ಅವನೂ ಒಪ್ಪಿದ. ಆಸ್ಪತ್ರೆಯಲ್ಲಿ ಅವನು ನೋಡುವುದು ಅಂಥದ್ದೇ ಕೇಸುಗಳನ್ನು.

ಈಗ ಮುಖ್ಯ ವಿಷಯ. "ಇದಕ್ಕೆ ನಿಮಗೆ ಲೈಸೆನ್ಸ್ ಶುಲ್ಕ ಎಷ್ಟು, ಸುಂಕ ಎಷ್ಟು?" ಎಂದು ಆ ದಂಪತಿಯನ್ನು ಕೇಳಿದೆ. ವರ್ಷಕ್ಕೆ 70 ಹೆಕ್ಟೋಲೀಟರ್, ಅಂದರೆ 7,000 ಲೀಟರಿನ ಒಳಗೆ ಮಾಡುವವರಿಗೆ ಸೈಡರ್ ಸುಂಕವೇ ಇಲ್ಲ. 1976ರಲ್ಲಿ ಬ್ರಿಟನ್ ಸರ್ಕಾರ ಸೈಡರಿಗೆ ಸುಂಕ ಹಾಕಿದಾಗಲೇ ಸಣ್ಣ ರೈತರನ್ನು ಹೀಗೆ ಹೊರಗಿಟ್ಟಿತು. 2023ರಲ್ಲಿ ಇಡೀ ಮದ್ಯ ಸುಂಕದ ಪದ್ಧತಿ ಬದಲಾದಾಗಲೂ ಈ ವಿನಾಯಿತಿಯನ್ನು ಮುಟ್ಟಲಿಲ್ಲ. ಹಾಗೆಂದು ಹೇಳುವವರು ಕೇಳುವವರು ಇಲ್ಲವೆಂದಲ್ಲ. ಆಹಾರ ತಯಾರಿಕೆಗೆ ಸ್ಥಳೀಯ ಕೌನ್ಸಿಲಿನಲ್ಲಿ ನೋಂದಣಿ ಬೇಕು. ಮಾರಲು ಬೇರೆ ಪರವಾನಗಿ ಬೇಕು. ಹದಿನೆಂಟು ತುಂಬದವರಿಗೆ ಮಾರುವ ಹಾಗಿಲ್ಲ. ಶುಚಿತ್ವದ ತಪಾಸಣೆ ಬರುತ್ತದೆ. ಇಷ್ಟನ್ನು ಒಬ್ಬ ರೈತ ನಿಭಾಯಿಸಬಹುದು. ಅದಕ್ಕೆ ವಕೀಲನೂ ಬೇಡ, ಮಧ್ಯವರ್ತಿಯೂ ಬೇಡ.

ಈ ವಿವೇಕ ಅವರಿಗೂ ಸುಲಭವಾಗಿ ಬಂದದ್ದಲ್ಲ. 1763ರಲ್ಲಿ ಸೈಡರ್ ಮೇಲೆ ತೆರಿಗೆ ಹಾಕಿ, ಅಬಕಾರಿ ಅಧಿಕಾರಿಗಳು ರೈತರ ಮನೆಯೊಳಗೆ ನುಗ್ಗಿ ತಪಾಸಣೆ ಮಾಡಬಹುದು ಎಂದು ಕಾನೂನು ಮಾಡಿದ್ದರು. ಸೈಡರ್ ಜಿಲ್ಲೆಗಳಲ್ಲಿ ದೊಡ್ಡ ಗಲಾಟೆಯಾಗಿ 1766ರಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಇನ್ನೊಂದು ಕಡೆ, ತೋಟದ ಕೂಲಿಯವರಿಗೆ ಸಂಬಳದ ಒಂದು ಪಾಲನ್ನು ಸೈಡರ್ ರೂಪದಲ್ಲೇ ಕೊಡುವ ಕೆಟ್ಟ ಪದ್ಧತಿ ಅಲ್ಲಿತ್ತು. 1887ರ ಕಾನೂನು ಅದನ್ನು ನಿಷೇಧಿಸಿತು. ಎಲ್ಲಿ ಬಿಗಿ ಮಾಡಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ನೂರಾರು ವರ್ಷ ತಿದ್ದಿ ತಿದ್ದಿ ಇಲ್ಲಿಗೆ ಮುಟ್ಟಿದ್ದಾರೆ.

ಬಿಯರಿನ ವಿಷಯವೂ ಹೀಗೇ. ಹೆರೆಫರ್ಡ್‌ಶೈರ್ ಹಾಪ್ಸ್ ಬೆಳೆಯುವ ಜಿಲ್ಲೆ. ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹೂವು ಅದು. ನಾವು ಹೋಗುವಾಗ ಕೊಯ್ಲು ಮುಗಿದು ಎತ್ತರದ ಕಂಬ, ತಂತಿಗಳು ಮಾತ್ರ ನಿಂತಿದ್ದವು. ಬ್ರೋಮ್‌ಯಾರ್ಡ್ ದಾರಿಯಲ್ಲಿ, ಹಿಂದೆ ಹಾಪ್ಸ್ ಒಣಗಿಸುತ್ತಿದ್ದ ಇಟ್ಟಿಗೆಯ ಕಟ್ಟಡದಲ್ಲಿ ಒಂದು ಸಣ್ಣ ಬ್ರೂವರಿ ನೋಡಿದೆವು. ಬಾರ್ಲಿಯ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಸಿಹಿ ನೀರು ಬಸಿದು, ಹಾಪ್ಸ್ ಹಾಕಿ ಕುದಿಸಿ, ತಣಿಸಿ ಯೀಸ್ಟ್ ಬೆರೆಸುತ್ತಾರೆ. ಎಲ್ಲ ಕೆಲಸಕ್ಕೂ ಇಬ್ಬರೇ ಜನ. ಬಸಿದ ಮಾಲ್ಟಿನ ಚರಟವನ್ನು ಒಯ್ಯಲು ಪಕ್ಕದ ಹಳ್ಳಿಯ ರೈತ ಟ್ರ್ಯಾಕ್ಟರ್ ತಂದು ಕಾಯುತ್ತಿದ್ದ.

ಸಂಜೆ ಕಾರನ್ನು ಮನೆಯಲ್ಲಿ ಬಿಟ್ಟು ನಡೆದುಕೊಂಡೇ ಹೆರೆಫರ್ಡ್ ಪೇಟೆಯ ದಿ ಬ್ಯಾರಲ್ಸ್ ಎಂಬ ಪಬ್ಬಿಗೆ ಹೋದೆವು. ವೈ ವ್ಯಾಲಿ ಬ್ರೂವರಿ 1985ರಲ್ಲಿ ಒಂದು ಹಳ್ಳಿಯ ಪಬ್ಬಿನಲ್ಲಿ ಹುಟ್ಟಿ, ಆಮೇಲೆ ಈ ಬ್ಯಾರಲ್ಸ್‌ನ ಹಿಂಭಾಗದಲ್ಲೇ ವರ್ಷಗಟ್ಟಲೆ ಬಿಯರ್ ಮಾಡುತ್ತಿತ್ತು. 2002ರಲ್ಲಿ ಸ್ಟೋಕ್ ಲೇಸಿ ಹಳ್ಳಿಗೆ ಹೋಯಿತು. ಅವರ ಬಟ್ಟಿ ಬ್ಯಾಕ್ ಎಂಬ ಬಿಯರನ್ನು ಗೆಳೆಯ ಆಗ ಕುಡಿದ, ಅರ್ಧ ಪೈಂಟ್ ಮಾತ್ರ. ಶೇ 4.5 ಅಮಲು. ನೆಲಮಾಳಿಗೆಯಲ್ಲಿಟ್ಟ ಪೀಪಾಯಿಯಿಂದ ಕೈಪಂಪಿನಲ್ಲಿ ಎಳೆದು ಕೊಡುತ್ತಾರೆ. ನಮ್ಮಲ್ಲಿಯ ಹಾಗೆ ಹಲ್ಲು ಜುಂ ಎನ್ನುವಷ್ಟು ತಣ್ಣಗಿರುವುದಿಲ್ಲ. ಹಾಗಾಗಿ ರುಚಿ ತಿಳಿಯುತ್ತದೆ. ಮುದುಕರು, ಹುಡುಗರು, ಹೆಂಗಸರು ಎಲ್ಲ ಕೂತು ಮಾತಾಡುತ್ತಿದ್ದರು. ಒಂದು ಗ್ಲಾಸಿನಲ್ಲಿ ಒಂದು ಗಂಟೆ ಕಳೆಯುವವರು ಜಾಸ್ತಿ.

ಅದೇ 2002ರಲ್ಲಿ ಬ್ರಿಟನ್ ಸರ್ಕಾರ ಸಣ್ಣ ಬ್ರೂವರಿಗಳಿಗೆ ಸುಂಕದಲ್ಲಿ ರಿಯಾಯಿತಿ ತಂದಿತು. ವರ್ಷಕ್ಕೆ 5 ಲಕ್ಷ ಲೀಟರಿನ ಒಳಗೆ ಮಾಡುವವರಿಗೆ ಸುಂಕ ಅರ್ಧ. ಅದರ ನಂತರ ಹಳ್ಳಿ ಹಳ್ಳಿಯಲ್ಲಿ ಸಣ್ಣ ಬ್ರೂವರಿಗಳು ತಲೆ ಎತ್ತಿದವು. 2023ರ ಆಗಸ್ಟಿನಿಂದ ನಿಯಮ ಬದಲಾಗಿದೆ. ಈಗ ಸುಂಕ ನಿಲ್ಲುವುದು ಪಾನೀಯದಲ್ಲಿ ಎಷ್ಟು ಆಲ್ಕೋಹಾಲ್ ಇದೆ ಎಂಬುದರ ಮೇಲೆ. ಶೇ 8.5ಕ್ಕಿಂತ ಕಡಿಮೆ ಇರುವುದನ್ನು ಮಾಡುವ, ಒಂದು ಪ್ರಮಾಣದೊಳಗಿನ ಸಣ್ಣ ತಯಾರಕರಿಗೆ ರಿಯಾಯಿತಿ ಮುಂದುವರಿದಿದೆ. ಕಡಿಮೆ ಅಮಲು, ಕಡಿಮೆ ಪ್ರಮಾಣ. ಈ ಎರಡಕ್ಕೂ ಸರ್ಕಾರವೇ ಬೆಂಬಲ ಕೊಟ್ಟಿದೆ.

ನಮ್ಮಲ್ಲೂ ಬೆಂಗಳೂರಿನಲ್ಲಿ ಸಣ್ಣ ಬ್ರೂವರಿಗಳು ಬಂದು ಹತ್ತು ವರ್ಷಕ್ಕೂ ಮೇಲಾಯಿತು. ಬಿಯರ್ ಚೆನ್ನಾಗಿರುತ್ತದೆ, ಮಾವಿನ ಕಾಲದಲ್ಲಿ ಮಾವು ಹಾಕಿದ್ದೂ ಸಿಗುತ್ತದೆ. ಆದರೆ ಅದು ಕೋಟಿಗಟ್ಟಲೆ ಹಾಕುವ ಹೋಟೆಲ್ ಉದ್ಯಮದವರ ಕೆಲಸ. ಬೆಳೆಗಾರ ಅದರಲ್ಲಿ ಎಲ್ಲೂ ಇಲ್ಲ. ದ್ರಾಕ್ಷಿಯವರಿಗಾಗಿ ಸರ್ಕಾರ 2007ರಲ್ಲಿ ವೈನ್ ನೀತಿ ತಂದಿತು, ವೈನ್ ಮಂಡಳಿ ಮಾಡಿತು. ಒಳ್ಳೆಯದೇ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮೂರ್ತೆದಾರರ, ಅಂದರೆ ಶೇಂದಿ ಇಳಿಸುವವರ, ಸಹಕಾರಿ ಸಂಘಗಳು ಶೇಂದಿ ಮಾರುವುದಕ್ಕೂ ಅವಕಾಶ ಉಂಟು. ಗೇರುಹಣ್ಣಿನ ರಸವನ್ನು ನಾನು ಪೀಪಾಯಿಯಲ್ಲಿಟ್ಟು ಹುದುಗು ಬರಿಸಿದರೆ ಮಾತ್ರ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧಿ.

ಗಡಿ ದಾಟಿದರೆ ಬೇರೆ ಕಥೆ. ನನ್ನ ಮನೆಯಿಂದ ಕಾಸರಗೋಡು ಜಿಲ್ಲೆ ಹತ್ತಿರ. ಕೇರಳ ಸರ್ಕಾರ 2022ರಲ್ಲಿ ಸಣ್ಣ ವೈನರಿಗಳಿಗೆಂದೇ ನಿಯಮ ಮಾಡಿ, ಅಲ್ಲಿಯ ಹಣ್ಣುಗಳಿಂದ ಕಡಿಮೆ ಅಮಲಿನ ವೈನ್ ತಯಾರಿಸಲು ರೈತರಿಗೆ ದಾರಿ ಮಾಡಿದೆ. ಗೋವಾದವರು ಗೇರುಹಣ್ಣಿನ ಫೆನಿಗೆ 2009ರಲ್ಲಿ ಆ ಊರಿನದೇ ವಸ್ತು ಎಂಬ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದರು. ಫೆನಿ ಭಟ್ಟಿ ಇಳಿಸಿದ್ದು, ಅಮಲು ಜಾಸ್ತಿ. ನಾನು ಅದನ್ನು ಕೇಳುತ್ತಿಲ್ಲ. ಉತ್ತರಕ್ಕೆ ಗೋವಾ, ದಕ್ಷಿಣಕ್ಕೆ ಕೇರಳ, ಅದೇ ಮರ, ಅದೇ ಹಣ್ಣು. ಮಧ್ಯದಲ್ಲಿರುವ ನಮಗೆ ಮಾತ್ರ ಕೊಳೆಯುವ ವಾಸನೆ.

ತಾಂತ್ರಿಕವಾಗಿ ಆಗುವ ಕೆಲಸವೇ ಎಂದು ಕೇಳಬಹುದು. ಗೇರುಹಣ್ಣು ಬಿದ್ದ ದಿನವೇ ಹೆಕ್ಕಬೇಕು, ಮರುದಿನಕ್ಕೆ ಹಾಳು. ಹಾಗಾಗಿ ಲಾರಿಯಲ್ಲಿ ತುಂಬಿ ದೂರದ ಕಾರ್ಖಾನೆಗೆ ಕಳಿಸುವ ಯೋಜನೆಗಳು ನಿಲ್ಲುವುದು ಕಷ್ಟ. ತೋಟದಲ್ಲೇ ಹಿಂಡಿದರೆ ಮಾತ್ರ ಉಳಿಯುತ್ತದೆ. ಒಗರು ಜಾಸ್ತಿಯಾದರೆ ಸಾಬಕ್ಕಿ ಬೇಯಿಸಿದ ಗಂಜಿಯನ್ನು ಸ್ವಲ್ಪ ಬೆರೆಸಿ ಬಿಡುವ ವಿಧಾನ ಉಂಟು. ಟ್ಯಾನಿನ್ ಅಡಿಗೆ ಇಳಿಯುತ್ತದೆ, ಮೇಲಿನ ತಿಳಿ ರಸ ಬಸಿಯಬಹುದು. ಮನೆಯಲ್ಲಿ ಶರಬತ್ತಿಗೆ ನಾವು ಹೀಗೆ ಮಾಡಿದ್ದೇವೆ. ಪುತ್ತೂರಿನಲ್ಲೇ ಗೇರು ಸಂಶೋಧನಾ ನಿರ್ದೇಶನಾಲಯ ಇದೆ, 1986ರಲ್ಲಿ ಶುರುವಾದ ಕೇಂದ್ರ. ಗೇರುಹಣ್ಣಿನ ಬಗ್ಗೆ ಅಲ್ಲಿಯವರಿಗೆ ತಿಳಿಯದ್ದು ಕಡಿಮೆ. ಕಲಿಸುವವರು ನಮ್ಮ ಊರಿನಲ್ಲೇ ಇದ್ದಾರೆ.

ಕುಡಿತದ ಬಗ್ಗೆ ಬರೆಯದೆ ಈ ಪತ್ರ ಮುಗಿಸಲಾರೆ. ನನ್ನ ಚಿಕ್ಕಪ್ಪ ಕುಡಿದು ಕುಡಿದೇ ತೀರಿಕೊಂಡವರು. ಚಿಕ್ಕಮ್ಮ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ್ದನ್ನು ನೋಡಿಕೊಂಡೇ ನಾನು ಬೆಳೆದೆ. 2007ರಲ್ಲಿ ಸಾರಾಯಿ ನಿಷೇಧವಾದಾಗ ಅವರು ದೇವರಿಗೆ ಹಣ್ಣುಕಾಯಿ ಮಾಡಿಸಿದರು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದ ಹೆಂಗಸರ ಬಗ್ಗೆ ನನಗೆ ತುಂಬಾ ಗೌರವ. ಅವರ ಸಿಟ್ಟಿನಲ್ಲಿ ನ್ಯಾಯ ಇದೆ.

ಆದರೆ ಅವರ ಮನೆ ಹಾಳು ಮಾಡಿದ್ದು ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಕದ್ದು ಮಾರುವ ಅಗ್ಗದ ಮದ್ಯದ ಸಣ್ಣ ಪ್ಯಾಕೆಟ್‌ಗಳು. ಅದರಲ್ಲಿ ಶೇ 40ಕ್ಕೂ ಮೇಲೆ ಅಮಲು. ಕೂಲಿಯ ದುಡ್ಡೆಲ್ಲ ಅದಕ್ಕೆ ಹೋಗುತ್ತದೆ. ಒಂದು ಲೀಟರ್ ಗೇರುಹಣ್ಣಿನ ಪಾನೀಯ ಮಾಡಲು ತಗಲುವ ಕೂಲಿ, ಬಾಟಲಿ ಎಲ್ಲ ಲೆಕ್ಕ ಹಾಕಿದರೆ ಅದು ಅಗ್ಗದ ಅಮಲಿಗೆ ಹುಡುಕುವವನ ಕೈಗೆಟುಕುವ ವಸ್ತುವಾಗಲಾರದು. ಊಟದ ಜೊತೆ ಒಂದು ಗ್ಲಾಸ್ ಕುಡಿಯುವವರ ವಸ್ತು ಅದು. ಹಾಗಿದ್ದರೂ ನನ್ನ ಮಾತೇ ಕೊನೆ ಎಂದು ನಾನು ಹೇಳುವುದಿಲ್ಲ. ಯಾವ ಗ್ರಾಮದಲ್ಲಿ ಇದಕ್ಕೆ ಅನುಮತಿ ಕೊಡಬೇಕೆಂದಿದ್ದರೂ ಮೊದಲು ಗ್ರಾಮಸಭೆಯಲ್ಲಿ, ಸ್ವಸಹಾಯ ಸಂಘದ ಹೆಂಗಸರ ಮುಂದೆ ಇಡಲಿ. ಅವರು ಬೇಡ ಎಂದರೆ ಬೇಡ.

ಇನ್ನೊಂದು ಎಚ್ಚರಿಕೆಯನ್ನೂ ಹೆರೆಫರ್ಡ್‌ಶೈರ್‌ನಿಂದ ಕಲಿತೆ. ಕಾರ್ಖಾನೆಗೆ ಹಣ್ಣು ಕೊಡುವುದೆಂದು ವರ್ಷಗಟ್ಟಲೆ ಕರಾರು ಮಾಡಿಕೊಂಡು ನೂರಾರು ಎಕರೆ ಸೇಬು ನೆಟ್ಟವರು ಅಲ್ಲಿದ್ದಾರೆ. ಮಾರುಕಟ್ಟೆ ಇಳಿದಾಗ ಕಂಪನಿಗಳು ಕರಾರು ಮುಗಿಸಿದವು. ಈಗ ದಾರಿ ಬದಿಯಲ್ಲಿ ಬುಡಸಮೇತ ಕಿತ್ತು ಹಾಕಿದ ಸೇಬಿನ ತೋಟಗಳು ಕಾಣುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಸ್ವಂತ ಗಾಣ, ಸ್ವಂತ ಪೀಪಾಯಿ ಇದ್ದವರು ಮರ ಉಳಿಸಿಕೊಂಡಿದ್ದಾರೆ. ಪುತ್ತೂರಿನವರಿಗೆ ಇದು ಹೊಸ ಪಾಠವೇನಲ್ಲ. ಕೊಕ್ಕೊ ಖರೀದಿಸುತ್ತಿದ್ದವರು ಹಿಂದೆ ಸರಿದಾಗ ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಮುಂದೆ ಬಂದು, 1986ರಲ್ಲಿ ಇಲ್ಲೇ ಚಾಕೊಲೇಟ್ ಕಾರ್ಖಾನೆ ಕಟ್ಟಿದ್ದಕ್ಕೆ ನಮ್ಮ ಕೊಕ್ಕೊ ಗಿಡ ಉಳಿದದ್ದು. ಗೇರುಬೀಜದಲ್ಲೂ ಆಫ್ರಿಕಾದಿಂದ ಬರುವ ಬೀಜದ ಮೇಲೆ ನಮ್ಮ ದರ ಏರಿಳಿಯುತ್ತದೆ. ಬೀಜದ ದರ ಬಿದ್ದ ವರ್ಷ ಹಣ್ಣಿನಿಂದಲಾದರೂ ನಾಲ್ಕು ಕಾಸು ಸಿಕ್ಕರೆ ಗೇರು ಕಡಿದು ರಬ್ಬರ್ ಹಾಕುವ ಯೋಚನೆ ಬರುವುದಿಲ್ಲ.

ಹಾಗಾಗಿ ಸರ್ಕಾರಕ್ಕೆ ನನ್ನ ವಿನಂತಿ ಇಷ್ಟು. ಮುಂದಿನ ಗೇರು ಕಾಲದೊಳಗೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಲ್ಲಿ ಪ್ರಯೋಗಕ್ಕೆಂದು ಒಂದು ನಿಯಮ ತನ್ನಿ. ವರ್ಷಕ್ಕೆ 7,000 ಲೀಟರ್ ಮಿತಿ ಇರಲಿ, ಬೇಕಾದರೆ ಅದಕ್ಕಿಂತ ಕಡಿಮೆಯೇ ಇಡಿ. ಅಮಲು ಶೇ 8ನ್ನು ದಾಟಬಾರದು. ಭಟ್ಟಿ ಇಳಿಸುವಂತಿಲ್ಲ, ಸ್ಪಿರಿಟ್ ಬೆರೆಸುವಂತಿಲ್ಲ. ಹಣ್ಣು ಸ್ವಂತದ್ದು ಅಥವಾ ಅದೇ ಗ್ರಾಮದ್ದಾಗಿರಬೇಕು. ಪ್ರತಿ ಸಲ ತಯಾರಿಸಿದ್ದರ ಮಾದರಿಯನ್ನು ಪರೀಕ್ಷೆ ಮಾಡಿಸಿ, ಅಮಲಿನ ಪ್ರಮಾಣವನ್ನು ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವುದು ಕಡ್ಡಾಯವಾಗಲಿ. ಮಾರಾಟ ತೋಟದಲ್ಲಿ ಅಥವಾ ಸಹಕಾರಿ ಸಂಘದ ಮೂಲಕ ಮಾತ್ರ. ಶುಲ್ಕ ಒಬ್ಬ ಸಣ್ಣ ಹಿಡುವಳಿದಾರ ಕಟ್ಟುವಷ್ಟೇ ಇರಲಿ. ಲಕ್ಷಗಟ್ಟಲೆ ಶುಲ್ಕ ಇಟ್ಟರೆ ಇದೂ ಪೇಟೆಯ ದುಡ್ಡಿನವರ ಪಾಲಾಗುತ್ತದೆ. ಬೆಳೆಗಾರರು ಮುಂದೆ ಬರಲು ಹೆದರಿದರೆ, ಸಾವಿರಾರು ಹೆಕ್ಟೇರ್ ತೋಪು ಇರುವ ಕರ್ನಾಟಕ ಗೇರು ಅಭಿವೃದ್ಧಿ ನಿಗಮವೇ ಒಂದು ತೋಪಿನಲ್ಲಿ ಮೊದಲ ಗಾಣ ಹಾಕಿ ತೋರಿಸಲಿ.

ಹೆರೆಫರ್ಡ್‌ನ ಗೆಳೆಯ ರಜೆ ಹಾಕಿ ಬರುವ ವರ್ಷದ ಏಪ್ರಿಲಿನಲ್ಲಿ ಊರಿಗೆ ಬರುತ್ತೇನೆಂದಿದ್ದಾನೆ. ಲೆಡ್‌ಬರಿಯ ಆ ದಂಪತಿ ತಮ್ಮ ಹಿಂಡುವ ಚೌಕಟ್ಟಿನ ಅಳತೆಯನ್ನು ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ನಮ್ಮ ಊರಿನ ಆಚಾರಿಯವರು ಅದನ್ನು ನೋಡಿ ಹಲಸಿನ ಮರದಲ್ಲಿ ಮಾಡಬಹುದು ಎಂದಿದ್ದಾರೆ. ಸದ್ಯಕ್ಕೆ ಅದರಲ್ಲಿ ಶರಬತ್ತಿಗೆ ರಸ ಹಿಂಡುತ್ತೇವೆ. ಅದಕ್ಕೆ ಯಾರ ಅನುಮತಿಯೂ ಬೇಡ. ಉಳಿದದ್ದಕ್ಕೆ ಅನುಮತಿ ಕೊಡಬೇಕಾದವರು ಬೆಂಗಳೂರಿನಲ್ಲಿದ್ದಾರೆ. ನಮ್ಮ ಮೂರು ಜಿಲ್ಲೆಗಳ ಶಾಸಕರು ಪಕ್ಷ ನೋಡದೆ ಈ ವಿಷಯವನ್ನು ಮುಂದಿನ ಅಧಿವೇಶನದಲ್ಲಿ ಎತ್ತಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

— ಒಬ್ಬ ಗೇರು ಬೆಳೆಗಾರ, ಪುತ್ತೂರು ತಾಲೂಕು